ಕಾಲು ಕೆರೆದವರು ಯಾರು?

"ಮೊದ್ಲು ಕೈ ಮಾಡ್ದೋರು ಯಾರ್ರಪ್ಪ?"

ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗೆ ಯಾವ ಹಳ್ಳಿಯಲ್ಲಿ ಊರಿಗೂ ಕೇರಿಗೂ ಜಗಳವಾದರೂ ಮೊದಲು ಕೇಳಿಬರುವ ಪ್ರಶ್ನೆ ಇದು. ಟೀ ಅಂಗಡಿಯಲ್ಲಿ ಕೇಳುತ್ತಾರೆ, ಅರಳಿಕಟ್ಟೆಯಲ್ಲಿ ಕೇಳುತ್ತಾರೆ, ಠಾಣೆಯಲ್ಲಿ ಕೇಳುತ್ತಾರೆ, ಕಡೆಗೆ ಕೋರ್ಟಿನಲ್ಲೂ ಕೇಳುತ್ತಾರೆ. ಮೇಲ್ನೋಟಕ್ಕೆ ಇದಕ್ಕಿಂತ ನ್ಯಾಯವಾದ ಪ್ರಶ್ನೆ ಇಲ್ಲ. ಕಾಲು ಕೆರೆದು ಜಗಳಕ್ಕೆ ಹೋದವನು ಪೆಟ್ಟು ತಿಂದರೆ ಯಾರೂ ಅಯ್ಯೋ ಅನ್ನುವುದಿಲ್ಲ. ಅವನು 'ನನ್ನ ಪ್ರಾಣ ಉಳಿಸಿಕೊಳ್ಳೋಕೆ ಹೊಡೆದೆ' ಅಂದರೆ ಯಾರೂ ನಂಬುವುದಿಲ್ಲ. ಕಾನೂನೂ ಹೆಚ್ಚುಕಮ್ಮಿ ಹೀಗೇ ಹೇಳುತ್ತದೆ.

ಆದರೆ ಕಾಲು ಕೆರೆದವನು ಯಾರು ಅಂತ ಹೇಳಬೇಕಾದರೆ ಜಗಳ ಎಲ್ಲಿ ಶುರುವಾಯಿತು ಅಂತ ಗೊತ್ತಿರಬೇಕು. ಅದನ್ನು ಇಷ್ಟು ಕಾಲ ಬರೆದವರು ಯಾರು? ನಾನು ಕಾನೂನು ಓದಿದವನಲ್ಲ. ಪದ್ಯ ಬರೆಯುವವನು. ಹಾಗಾಗಿ ಈ ಪ್ರಶ್ನೆಯನ್ನು ಒಂದು ಕತೆಯನ್ನು ಓದುವ ಹಾಗೆಯೇ ಓದಲು ನೋಡುತ್ತೇನೆ.

ನನ್ನ ಮುಂದೆ ಎರಡು ಎಫ್‌ಐಆರ್‌ಗಳಿವೆ. ಒಂದೇ ಠಾಣೆ, ಒಂದೇ ರಾತ್ರಿ, ಒಂದೇ ಜಗಳ. ಕೇಸು ಇನ್ನೂ ನಡೆಯುತ್ತಿರುವುದರಿಂದ ಊರಿನ ಹೆಸರು, ಜನರ ಹೆಸರು ಬೇಡ. ನಡೆದದ್ದು ಇಷ್ಟು. ಏಪ್ರಿಲ್ 14ರ ಸಂಜೆ ಬಾಬಾಸಾಹೇಬರ ಫೋಟೋ ಇಟ್ಟ ಟ್ರಾಕ್ಟರು ಊರ ದೊಡ್ಡ ಬೀದಿಗೆ ಬಂತು. ಒಬ್ಬ ಅಡ್ಡ ನಿಂತ. ಜಾತಿ ಎತ್ತಿ ಬೈದ, ಹೆತ್ತವಳನ್ನೂ ಸೇರಿಸಿ ಬೈದ. ನಮ್ಮ ಕೇರಿಯ ಹುಡುಗ, ಬಿ.ಎ. ಮುಗಿಸಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದವನು, ಅವನ ಕಪಾಳಕ್ಕೆ ಬಾರಿಸಿದ. ಹಿರಿಯರು ಬಿಡಿಸಿದರು. ಟ್ರಾಕ್ಟರು ವಾಪಸ್ಸು ಕೇರಿಗೆ ಬಂತು. ಅರ್ಧ ಗಂಟೆಯಾದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಜನ ದೊಣ್ಣೆ, ಮಚ್ಚು ಹಿಡಿದು ಕೇರಿಗೆ ನುಗ್ಗಿದರು. ಹುಡುಗನನ್ನು ಮನೆಯಿಂದ ಎಳೆಯಲು ಹೋದಾಗ ಅವನ ಚಿಕ್ಕಪ್ಪ ಬಾಗಿಲ ಪಕ್ಕ ಇದ್ದ ಸೌದೆ ತುಂಡು ಎತ್ತಿ ಬೀಸಿದರು. ಒಬ್ಬನ ತಲೆ ಒಡೆಯಿತು.

ಈಗ ಎಫ್‌ಐಆರ್ ಓದಿ. ಅವರದ್ದು ಹೀಗೆ: ಸದರಿ ಆರೋಪಿಗಳು ಅಕ್ರಮ ಕೂಟ ಕಟ್ಟಿಕೊಂಡು ಏಕಾಏಕಿ ಜಗಳ ತೆಗೆದು, ಕೈಯಿಂದ ಕೆನ್ನೆಗೆ ಹೊಡೆದು, ಕೊಲ್ಲುವ ಉದ್ದೇಶದಿಂದ ದೊಣ್ಣೆಯಿಂದ ತಲೆಗೆ ಬಲವಾಗಿ ಹೊಡೆದು ರಕ್ತಗಾಯಪಡಿಸಿರುತ್ತಾರೆ. ನಮ್ಮದು ಹೀಗೆ: ಸದರಿ ಆರೋಪಿಗಳು ಅಕ್ರಮ ಕೂಟ ಕಟ್ಟಿಕೊಂಡು ಏಕಾಏಕಿ ಮನೆಗೆ ನುಗ್ಗಿ, ಜಾತಿ ನಿಂದನೆ ಮಾಡಿ, ಅವಾಚ್ಯ ಶಬ್ದಗಳಿಂದ ಬೈದು ಹಲ್ಲೆ ಮಾಡಿರುತ್ತಾರೆ.

ಎರಡರಲ್ಲೂ ಇರುವ ಒಂದು ಮಾತನ್ನು ಗಮನಿಸಿ: 'ಏಕಾಏಕಿ'. ಠಾಣೆಯ ಕನ್ನಡದಲ್ಲಿ ಇದಕ್ಕಿಂತ ಬಲವಾದ ಪದ ಇಲ್ಲ. ಏಕಾಏಕಿ ಅಂದರೆ ಹಿಂದೆ ಏನೂ ಇರಲಿಲ್ಲ ಅಂತ. ಬೀದಿ ಯಾರದ್ದು ಅನ್ನುವ ತಕರಾರು ಇರಲಿಲ್ಲ, ಹೋದ ವರ್ಷ ಫ್ಲೆಕ್ಸ್ ಹರಿದದ್ದು ಇರಲಿಲ್ಲ, ಯಾರ ಹೊಟ್ಟೆಯಲ್ಲೂ ಏನೂ ಇರಲಿಲ್ಲ. ಸುಮ್ಮನೆ ಇದ್ದಕ್ಕಿದ್ದ ಹಾಗೆ ಒಬ್ಬ ಇನ್ನೊಬ್ಬನಿಗೆ ಹೊಡೆದ. ಅವರ ಕತೆಯಲ್ಲಿ ಆ ಅರ್ಧ ಗಂಟೆಯೇ ಇಲ್ಲ. ಕಪಾಳದ ಏಟಿಗೂ ತಲೆಯ ಏಟಿಗೂ ನಡುವೆ ಒಂದು ಅಲ್ಪವಿರಾಮ ಮಾತ್ರ. ಬೀದಿಯಲ್ಲಿ ಬಿದ್ದ ಏಟು, ನಮ್ಮ ಬಾಗಿಲಲ್ಲಿ ಬಿದ್ದ ಏಟು ಎರಡೂ ಒಂದೇ ಜಾಗದಲ್ಲಿ ಬಿದ್ದ ಹಾಗೆ ಬರೆದಿದ್ದಾರೆ. ಸರಿ, ಅದು ಅವರ ಕಸುಬು. ಆದರೆ ನಮ್ಮ ಕತೆಯಲ್ಲಿ ಕಪಾಳದ ಏಟೇ ಇಲ್ಲ! ಅದನ್ನು ಮುಚ್ಚಿಟ್ಟವರು ನಾವು. 'ಅದೊಂದ ಹೇಳ್ಬ್ಯಾಡಿ ಕನ್ರಪ್ಪ, ಕೇಸು ನಮ್ ಮೇಲೆ ತಿರುಗ್ತದ' ಅಂದವರು ನಮ್ಮ ಹಿರಿಯರು. ನನ್ನ ಟೀಕೆ ಶುರುವಾಗುವುದು ಇಲ್ಲಿಂದಲೇ.

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಮೊದಲು ನೋಡೋಣ. 1860ರ ಭಾರತೀಯ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಂಗಳು ಖಾಸಗಿ ರಕ್ಷಣೆಯ ಹಕ್ಕಿಗೆ ಸಂಬಂಧಿಸಿದವು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವೇ 34ರಿಂದ 44. ನಂಬರು ಬದಲಾಗಿದೆ, ತಿರುಳು ಅದೇ. ಮೂಲ ಕರಡು ಬರೆದ ಮೆಕಾಲೆಯ ಆಯೋಗಕ್ಕೆ ಈ ದೇಶದ ಜನ ಅನ್ಯಾಯವನ್ನು ಸುಮ್ಮನೆ ಸಹಿಸುವ ಪುಕ್ಕಲರು ಅನ್ನಿಸಿತ್ತು. ಅವರಿಗೆ ಎದುರು ನಿಲ್ಲುವ ಧೈರ್ಯ ಬರಲಿ ಅಂತ ಈ ಹಕ್ಕನ್ನು ಅಗಲವಾಗಿಯೇ ಬರೆದರು. ಆದರೆ ಯಾರು ಪುಕ್ಕಲರು, ಯಾರ ಮುಂದೆ ಪುಕ್ಕಲರು ಅಂತ ಆ ಸಾಹೇಬರು ಕೇಳಲಿಲ್ಲ. ಕೇರಿಗೆ ಬಂದು ನೋಡಿದ್ದರೆ ತಿಳಿಯುತ್ತಿತ್ತು.

ಈ ಕಲಂಗಳ ಪ್ರಕಾರ ಬೈಗುಳಕ್ಕೆ ಏಟು ಉತ್ತರವಲ್ಲ. ಮೈಮೇಲಿನ ಹಲ್ಲೆ, ಕಳವು, ದರೋಡೆ, ಆಸ್ತಿಗೆ ಹಾನಿ, ಅಕ್ರಮ ಪ್ರವೇಶ ಇಂಥವುಗಳ ವಿರುದ್ಧ ಮಾತ್ರ ಈ ಹಕ್ಕು. ಜಾತಿ ಹಿಡಿದು ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ದೊಡ್ಡ ಅಪರಾಧವೇ. ಅದಕ್ಕೆ ದೂರು ಕೊಡಬಹುದು. ಕಪಾಳಕ್ಕೆ ಹೊಡೆಯುವುದು ಆತ್ಮರಕ್ಷಣೆ ಆಗುವುದಿಲ್ಲ. ಕೇಳಲು ಕಹಿ, ಆದರೆ ನಿಜ. ನಮ್ಮ ಹುಡುಗ ಕಾನೂನಿನ ಕಣ್ಣಿನಲ್ಲಿ ಆ ಬೀದಿಯಲ್ಲಿ ಮೊದಲು ಕೈ ಮಾಡಿದವನು. ಅವನ ಕೈಯನ್ನು ತಡೆಯಲು ಎದುರಿನವನು ಒಂದು ತಳ್ಳು ತಳ್ಳಿದ್ದರೆ ಅದು ಎದುರಿನವನ ಹಕ್ಕು. ಆ ಹಕ್ಕಿನ ವಿರುದ್ಧ ನಮ್ಮವನಿಗೆ ಮತ್ತೆ ಆತ್ಮರಕ್ಷಣೆಯ ಹಕ್ಕು ಹುಟ್ಟುವುದಿಲ್ಲ. ಜಗಳ ಶುರು ಮಾಡಿದವನಿಗೆ ಈ ಆಸರೆ ಇಲ್ಲ ಅನ್ನುವುದರ ಅರ್ಥ ಇಷ್ಟೇ.

ಇಷ್ಟೇ. ಇದಕ್ಕಿಂತ ಹೆಚ್ಚಲ್ಲ. ಆದರೆ ಊರು ಇದನ್ನು ಹಿಗ್ಗಿಸಿ, ಒಂದು ಸಲ ಕೈ ಮಾಡಿದವನ ಮೈ ಆಮೇಲೆ ಎಲ್ಲರಿಗೂ ಬಿಟ್ಟ ಹೊಲ ಅನ್ನುವ ಹಾಗೆ ಮಾತಾಡುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಅನ್ನುತ್ತದೆ ಹಳೆಯ 99ನೇ ಕಲಂ. ಅಪಾಯದ ಭಯ ಇರುವವರೆಗೆ ಮಾತ್ರ ಈ ಹಕ್ಕು ಅನ್ನುತ್ತದೆ 102ನೇ ಕಲಂ. ಕಪಾಳದ ಏಟು ಮುಗಿದು ಅರ್ಧ ಗಂಟೆಯಾಗಿದೆ. ಜನ ಚದುರಿದ್ದಾರೆ. ಆಮೇಲೆ ಮಚ್ಚು ಹಿಡಿದು ಕೇರಿಗೆ ಬಂದದ್ದು ರಕ್ಷಣೆಯಲ್ಲ, ಸೇಡು. ಅದು ಬೇರೆಯೇ ಜಗಳ. ಆ ಜಗಳದಲ್ಲಿ ಕಾಲು ಕೆರೆದವರು ಅವರು. ಬಾಗಿಲಲ್ಲಿ ನಿಂತ ಚಿಕ್ಕಪ್ಪನಿಗೆ ಪೂರ್ತಿ ಹಕ್ಕಿದೆ. ಕಪಾಳಕ್ಕೆ ಹೊಡೆದಿದ್ದ ಆ ಹುಡುಗನಿಗೂ ಆಗ ತನ್ನ ಪ್ರಾಣ ಕಾಯ್ದುಕೊಳ್ಳುವ ಹಕ್ಕಿದೆ.

ಇನ್ನೊಂದು ಮುಖ್ಯ ಮಾತು. ಮೊದಲ ಏಟು ಬೇರೆ, ಮೊದಲ ಆಕ್ರಮಣ ಬೇರೆ. ಎತ್ತಿದ ಮಚ್ಚು ಇಳಿಯುವವರೆಗೆ ಕಾಯಬೇಕಿಲ್ಲ. ದಾಳಿಯ ಪ್ರಯತ್ನದಿಂದಲೋ ಬೆದರಿಕೆಯಿಂದಲೋ ನ್ಯಾಯವಾದ ಭಯ ಹುಟ್ಟಿದ ಕೂಡಲೇ ಹಕ್ಕು ಶುರುವಾಗುತ್ತದೆ. ದೇವ್ ನಾರಾಯಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ, ದಾಳಿಗೆ ಸಿಕ್ಕ ಮನುಷ್ಯ ಹೇಡಿಯ ಹಾಗೆ ಓಡಿಹೋಗಬೇಕಿಲ್ಲ, ಆ ಗಳಿಗೆಯಲ್ಲಿ ಅವನು ಕೊಟ್ಟ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಅಂದಿತು. ಮುನ್ಷಿ ರಾಮ್ ಪ್ರಕರಣದ ಪ್ರಕಾರ ಆರೋಪಿ ತನ್ನ ಆತ್ಮರಕ್ಷಣೆಯನ್ನು ಸಂಶಯಕ್ಕೆಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ; ಹಾಗೆ ನಡೆದಿರುವ ಸಂಭವವೇ ಹೆಚ್ಚು ಅಂತ ತೋರಿದರೆ ಸಾಕು. ಅವನು ಬಾಯಿಬಿಟ್ಟು ಹೇಳದಿದ್ದರೂ ಸಾಕ್ಷ್ಯದಲ್ಲಿ ಕಂಡರೆ ಕೋರ್ಟು ಪರಿಗಣಿಸಬೇಕು. ಇಷ್ಟೆಲ್ಲ ಹತ್ತಾರು ವರ್ಷದಿಂದ ಪುಸ್ತಕದಲ್ಲಿದೆ. ಕೇರಿಗೆ ತಲುಪಿಲ್ಲ.

ಈಗ ಕತೆಯ ಪ್ರಶ್ನೆಗೆ ಬರೋಣ. ಬೀದಿಯಲ್ಲಿ ಕಪಾಳಕ್ಕೆ ಬಿದ್ದದ್ದು ಮೊದಲ ಏಟು, ಒಪ್ಪಿದೆ. ಆದರೆ ಅದೇ ಮೊದಲ ಸಾಲೇ? ಟ್ರಾಕ್ಟರಿಗೆ ಅಡ್ಡ ನಿಂತದ್ದು ಯಾವ ಸಾಲು? ಸಾರ್ವಜನಿಕ ಬೀದಿಯಲ್ಲಿ ಹೋಗುವುದು ನಮ್ಮ ಹಕ್ಕು. ಹಕ್ಕನ್ನು ಚಲಾಯಿಸುವುದು ಆಕ್ರಮಣವಾಗುವುದು ಯಾವ ಕಾನೂನಿನಲ್ಲೂ ಇಲ್ಲ. ಅದು ಇರುವುದು ಜಾತಿಯ ಕಾನೂನಿನಲ್ಲಿ ಮಾತ್ರ. ಜಾತಿಯ ಕಾನೂನಿನಲ್ಲಿ ಹೊಲೆಯ ಮಾದಿಗರು ಬೀದಿಗೆ ಬರುವುದೇ ಕಾಲು ಕೆರೆಯುವುದು. ಗುಡಿಗೆ ಬರುವುದು, ಹೋಟೆಲಿನಲ್ಲಿ ಲೋಟ ಎತ್ತುವುದು, ಮದುವೆಗೆ ಕುದುರೆ ಏರುವುದು, ಎಲ್ಲವೂ ಕೆಣಕುವುದೇ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಿಂದ ಬಂದ ಸುದ್ದಿ ನೆನಪಿರಬಹುದು. ದಲಿತರಿಗೆ ಚೌರ ಮಾಡಿದ್ದಕ್ಕೆ ತನಗೇ ದಂಡ, ಬಹಿಷ್ಕಾರ ಹಾಕಿದ್ದಾರೆ ಅಂತ ಅಂಗಡಿಯವನೇ ದೂರಿದ್ದ. ಅಲ್ಲಿ ತಲೆಗೂದಲೇ ಜಗಳದ ಶುರು!

ಇದೇ ತಾಲ್ಲೂಕಿನ ಬದನವಾಳು. ಗಾಂಧಿ ಬಂದುಹೋದ ಊರು, ಖಾದಿಯ ಊರು. ಅಲ್ಲಿನ ಸಿದ್ದೇಶ್ವರ ಗುಡಿಯ ಪ್ರವೇಶದ ತಕರಾರಿನ ಹಿಂದೆಯೇ 1993ರ ಮಾರ್ಚ್ 25ರಂದು ಮೂವರು ದಲಿತರ ಕೊಲೆಯಾಯಿತು. ಅವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ನಾನು ಹುಟ್ಟುವುದಕ್ಕೆ ಮುಂಚಿನ ಮಾತು. ಆದರೂ ಬಸ್ಸಿನಲ್ಲಿ ಆ ಊರಿನ ಮೇಲೆ ಹೋಗುವಾಗ ಪಕ್ಕದ ಸೀಟಿನವರು ಹೇಳಿದ್ದನ್ನು ಕೇಳಿದ್ದೇನೆ: 'ಇವ್ರ್ಯಾಕೆ ಗುಡಿಗೆ ಹೋಗೋಕೋಯ್ತಿದ್ರು? ಸುಮ್ನಿದ್ದಿದ್ರೆ ಆಯ್ತಿರ್ಲಿಲ್ವ?' ಮೂರು ಹೆಣದ ಕತೆಯ ಮೊದಲ ಸಾಲು ಅವರಿಗೆ ಮಚ್ಚಲ್ಲ, ಗುಡಿಯ ಮೆಟ್ಟಿಲು. ಅಂದಿನಿಂದ ಆ ಊರಿನಲ್ಲಿ ದಲಿತರ ಬೀದಿಗೂ ಲಿಂಗಾಯತರ ಬೀದಿಗೂ ನಡುವಿನ ದಾರಿ ಮುಚ್ಚಿಹೋಯಿತು. ಅದು ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು, ರಾಹುಲ್ ಗಾಂಧಿಯ ಪಾದಯಾತ್ರೆ ಆ ಊರಿಗೆ ಬಂದಾಗ. ಒಂದು ದಾರಿ ತೆರೆಯಲು 29 ವರ್ಷ. ಈ 29 ವರ್ಷವನ್ನು ಯಾವ ಎಫ್‌ಐಆರಿನ ಯಾವ ಕಾಲಂನಲ್ಲಿ ಬರೆಯಬೇಕು?

ಕಂಬಾಲಪಲ್ಲಿಯನ್ನೂ ನೆನೆಯಬೇಕು. ಅಂದಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕು. 2000ದ ಮಾರ್ಚ್ 11ರ ರಾತ್ರಿ ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟರು. ಅದಕ್ಕೆ ಮುಂಚೆ ನಡೆದ ಜಗಳದಲ್ಲಿ ಎದುರು ಗುಂಪಿನ ಒಬ್ಬ ಸತ್ತಿದ್ದ. ಕೂಡಲೇ ಮಾತು ಹುಟ್ಟಿತು: ಶುರು ಮಾಡಿದ್ದು ಅವರೇ ತಾನೆ? ಶುರು ಯಾರೇ ಮಾಡಿರಲಿ, ಮನೆಯೊಳಗಿದ್ದವರನ್ನು ಸುಡುವುದಕ್ಕೆ ಯಾವ ಕಲಂನಲ್ಲಿ ಹಕ್ಕಿದೆ? ಯಾವುದರಲ್ಲೂ ಇಲ್ಲ. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. 'ಯಾರು ಶುರು ಮಾಡಿದ್ದು' ಅನ್ನುವ ಪ್ರಶ್ನೆ ಕೋರ್ಟಿನ ಹೊರಗೇ ತನ್ನ ಕೆಲಸ ಮಾಡುತ್ತದೆ. ಅದು ನೋಡುವವರ ಮನಸ್ಸನ್ನು ಮೊದಲೇ ಒಣಗಿಸಿಬಿಡುತ್ತದೆ.

ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 2012ರ ಫೆಬ್ರವರಿಯಲ್ಲಿ ಟ್ರೇವಾನ್ ಮಾರ್ಟಿನ್ ಅನ್ನುವ 17 ವರ್ಷದ ಕಪ್ಪು ಹುಡುಗ ಅಂಗಡಿಯಿಂದ ನಡೆದು ಬರುತ್ತಿದ್ದ. ಪಿಸ್ತೂಲು ಇಟ್ಟುಕೊಂಡಿದ್ದ ಕಾವಲುಗಾರನೊಬ್ಬ, ಜಾರ್ಜ್ ಜಿಮ್ಮರ್‌ಮನ್, ಅವನ ಬೆನ್ನು ಹತ್ತಿದ. ಹಿಂಬಾಲಿಸುವ ಅಗತ್ಯವಿಲ್ಲ ಅಂತ ಪೊಲೀಸ್ ಫೋನಿನವರೇ ಹೇಳಿದ್ದರು. ಕೈ ಕೈ ಹತ್ತಿತು, ಗುಂಡು ಹಾರಿತು, ಹುಡುಗ ಸತ್ತ. ಕೊಂದವನು ಆತ್ಮರಕ್ಷಣೆ ಅಂದ. 2013ರಲ್ಲಿ ಜ್ಯೂರಿ ಬಿಟ್ಟುಬಿಟ್ಟಿತು. ಲೆಕ್ಕಕ್ಕೆ ಬಂದದ್ದು ಕಡೆಯ ಒಂದೆರಡು ನಿಮಿಷ. ಬೆನ್ನು ಹತ್ತಿದ ಆ ದಾರಿ ಲೆಕ್ಕಕ್ಕೆ ಬರಲಿಲ್ಲ. ಅಲ್ಲೂ ಹಾಗೆ: ಕಪ್ಪು ಹುಡುಗ ಆ ಬೀದಿಯಲ್ಲಿ ನಡೆದದ್ದೇ ಕಾಲು ಕೆರೆದದ್ದು.

ನಮ್ಮ ಸಾಹಿತ್ಯಕ್ಕೂ ಇದೇ ಪ್ರಶ್ನೆ ಬಂದಿತ್ತು. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ದಲಿತ ವಿದ್ಯಾರ್ಥಿಗಳ ಮೇಲೆ ಕಲ್ಲು ಬಿತ್ತು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಇವತ್ತಿಗೂ ಆ ಕತೆಯನ್ನು 'ಬಸವಲಿಂಗಪ್ಪ ಒಂದು ಮಾತು ಅಂದರು' ಅಂತಲೇ ಶುರು ಮಾಡುತ್ತಾರೆ. ಸಾವಿರ ವರ್ಷದ ಪುಸ್ತಕದೊಳಗೆ ಅಕ್ಷರವೇ ಮುಟ್ಟಗೊಡದ ಜನ ಎಷ್ಟಿದ್ದರು ಅಂತ ಶುರು ಮಾಡುವುದಿಲ್ಲ. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗಲೂ ಇದು ಕಾವ್ಯವಲ್ಲ, ಹೊಡೆದಾಟಕ್ಕೆ ಕರೆ ಅನ್ನುವ ಮೂಗುಮುರಿಯುವಿಕೆ ಇತ್ತು. ಆ ಪದ್ಯಗಳ ಸಿಟ್ಟನ್ನು ಮೊದಲ ಏಟು ಅಂತ ಓದಿದವರು, ಅದಕ್ಕೆ ಮುಂಚಿನ ಏಟುಗಳನ್ನು ಓದಿರಲೇ ಇಲ್ಲ.

ದೇವನೂರರ 'ಒಡಲಾಳ' ಬೇರೆ ದಾರಿ ಹಿಡಿಯಿತು. ಅಲ್ಲಿ ಕಳವಾದ ಕಡಲೆಕಾಯಿ ಹುಡುಕಿಕೊಂಡು ಪೊಲೀಸರು ಸಾಕವ್ವನ ಮನೆಗೆ ಬರುತ್ತಾರೆ. ಕಾನೂನಿಗೆ ಕತೆ ಶುರುವಾಗುವುದು ಕಡಲೆಕಾಯಿ ಮೂಟೆಯಿಂದ. ದೇವನೂರರು ಅದಕ್ಕೆ ಮುಂಚಿನ ಹಸಿವನ್ನು, ಕಾಣೆಯಾದ ಹುಂಜವನ್ನು, ಒಂದು ರಾತ್ರಿ ಒಲೆಯ ಸುತ್ತ ಕೂತು ಹೊಟ್ಟೆ ತುಂಬ ತಿಂದ ಸುಖವನ್ನು ಬರೆಯುತ್ತಾರೆ. ಮುಖ್ಯವಾದದ್ದು ಏನೆಂದರೆ ಅವರು ಕಳವನ್ನು ಮುಚ್ಚಿಡುವುದಿಲ್ಲ. ನಮ್ಮವರು ಕದ್ದಿಲ್ಲ ಅಂತ ಸುಳ್ಳು ಹೇಳಿ ಅವರು ನಮ್ಮನ್ನು ಉಳಿಸಲಿಲ್ಲ. ಇದ್ದದ್ದನ್ನೆಲ್ಲ ಹೇಳಿಯೇ ಸಾಕವ್ವನ ಮನೆಯವರ ಘನತೆಯನ್ನು ಉಳಿಸಿದರು. ಠಾಣೆಗೆ ದೂರು ಬರೆಯುವ ನಮ್ಮ ಹುಡುಗರು ಓದಬೇಕಾದ ಪುಸ್ತಕ ಅದು.

ಇಲ್ಲಿ ನನ್ನಂಥ ಪದ್ಯ ಬರೆಯುವವರಿಗೂ ಒಂದು ಮಾತು. ವೇದಿಕೆಯ ಮೇಲೆ ಹೊಡಿ, ಬಡಿ ಅಂತ ಕೂಗಿ ಚಪ್ಪಾಳೆ ತಗೊಂಡು ನಾವು ಬಸ್ಸು ಹತ್ತುತ್ತೇವೆ. ಆ ಪದ್ಯ ಕೇಳಿ ಬಿಸಿಯಾದ ಹುಡುಗನಿಗೆ ಜಾಮೀನು ಕೊಡಲು ನಮ್ಮ ಪದ್ಯ ಕೋರ್ಟಿಗೆ ಬರುವುದಿಲ್ಲ. ಕೇಸು ಇರುವವನಿಗೆ ಪೊಲೀಸ್ ಕೆಲಸದ ಪರಿಶೀಲನೆಯಲ್ಲಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಆ ಮನೆಯಲ್ಲಿ ಡಿಗ್ರಿ ಪಡೆದವನು ಅವನೊಬ್ಬನೇ. ಒಂದು ಕಪಾಳದ ಏಟಿಗೆ ಒಂದು ಮನೆಯ ಮೊದಲ ಸಂಬಳ ಹೋಯಿತು. ಬೈದವನು ಬಯಸಿದ್ದೂ ಅದನ್ನೇ. ಎದುರು ದೂರು ಅನ್ನುವುದು ಗೆಲ್ಲುವುದಕ್ಕೆ ಹಾಕುವ ಕೇಸಲ್ಲ, ರಾಜಿಗೆ ಎಳೆಯುವುದಕ್ಕೆ ಹಾಕುವ ಹಗ್ಗ.

ಬಾಬಾಸಾಹೇಬರಿಗೆ ಇದು ಗೊತ್ತಿತ್ತು. 1927ರ ಮಾರ್ಚ್ 20ರಂದು ಮಹಾಡದಲ್ಲಿ ಚವದಾರ್ ಕೆರೆಯ ನೀರು ಕುಡಿದಾಗ, ಆ ಕೆರೆಯನ್ನು ಎಲ್ಲರಿಗೂ ತೆರೆದು ಪುರಸಭೆ ಮೊದಲೇ ಠರಾವು ಮಾಡಿತ್ತು. ಕುಡಿದವರು ಕಾನೂನಿನ ಒಳಗೇ ಇದ್ದರು. ಇನ್ನು ಗುಡಿಗೂ ನುಗ್ಗುತ್ತಾರೆ ಅಂತ ಸವರ್ಣೀಯರು ಗಾಳಿಸುದ್ದಿ ಹಬ್ಬಿಸಿ ಬಂದವರನ್ನು ಹೊಡೆದರು. ನಮ್ಮವರು ಸಾವಿರಗಟ್ಟಲೆ ಇದ್ದರು, ರೊಚ್ಚಿಗೆದ್ದಿದ್ದರು. ತಿರುಗಿ ಹೊಡೆಯಬೇಡಿ ಅಂತ ಅವರು ತಡೆದರು. ಅದು ಹೆದರಿಕೆಯಲ್ಲ. ಜಗಳದ ಮೊದಲ ಸಾಲನ್ನು ಎದುರಾಳಿಗೆ ಬಿಟ್ಟುಕೊಡದ ಬುದ್ಧಿ. ಹೊಡೆದವರಲ್ಲಿ ಕೆಲವರಿಗೆ ಶಿಕ್ಷೆಯಾಯಿತು. ಕೆರೆಯ ದಾವೆ ಹತ್ತು ವರ್ಷ ನಡೆದು 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ನಮ್ಮ ಪರ ತೀರ್ಪಾಯಿತು.

ಹಾಗಾದರೆ ಈಗ ಮಾಡಬೇಕಾದದ್ದೇನು? ದೂರು ಬರೆಯುವಾಗ 'ಏಕಾಏಕಿ' ಅನ್ನುವ ಪದವನ್ನು ನಾವು ಹೊಡೆದುಹಾಕಬೇಕು. ಹಿಂದಿನ ತಕರಾರನ್ನು ತಾರೀಖಿನ ಸಮೇತ ಬರೆಸಬೇಕು. ಅದು ಬರೀ ಕತೆಯಲ್ಲ: ಗುಂಪು ಸೇರಿ ಮಾಡಿದ ದೌರ್ಜನ್ಯ ಹಿಂದಿನ ಯಾವುದೋ ವಿವಾದದ ಮುಂದುವರಿಕೆ ಅಂತ ಸಾಬೀತಾದರೆ, ಅವರಿಗೆಲ್ಲ ಒಂದೇ ಉದ್ದೇಶ ಇತ್ತೆಂದು ಕೋರ್ಟು ಭಾವಿಸಬೇಕು ಅನ್ನುತ್ತದೆ 1989ರ ಕಾಯ್ದೆಯ 8ನೇ ಕಲಂ. ಹಳೆಯದನ್ನು ನೆನಪಿಡುವ ಕಾನೂನು ಅದೊಂದೇ ಇರಬೇಕು. ಸುಳ್ಳು ಎದುರು ಕೇಸು ಹಾಕುವುದೂ ಅದೇ ಕಾಯ್ದೆಯ 3(1)(ಪಿ) ಪ್ರಕಾರ ಅಪರಾಧ. ಗಾಯವಾದ ರಾತ್ರಿಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಬರೆಸಬೇಕು. ನಮ್ಮ ಕೇಸು ಮೈಸೂರಿನ ವಿಶೇಷ ನ್ಯಾಯಾಲಯಕ್ಕೆ, ಅವರದ್ದು ತಾಲ್ಲೂಕು ಕೋರ್ಟಿಗೆ ಹೋದರೆ ಜಗಳ ಎರಡು ತುಂಡಾಗುತ್ತದೆ. ಕೇಸು, ಎದುರು ಕೇಸು ಎರಡನ್ನೂ ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೊಂದು ಕೇಳಬೇಕು ಅಂತ 1990ರ ನಾಥಿ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಕೀಲರಿಗೆ ಅದನ್ನು ಜ್ಞಾಪಿಸಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಕೈ ಎದ್ದದ್ದನ್ನು ನಾವೇ ಹೇಳಬೇಕು. ಕಪಾಳದ ಏಟನ್ನು ನಾವು ಮುಚ್ಚಿಟ್ಟಿದ್ದರಿಂದ ಎದುರು ವಕೀಲರು ಅದನ್ನು ಎಳೆದು ತೋರಿಸಿದ ದಿನ ನಮ್ಮ ಸಾಕ್ಷಿಗಳು ತಡವರಿಸಿದರು. ಒಂದು ಸುಳ್ಳಿಗೆ ಹತ್ತು ನಿಜ ಮುಳುಗಿತು. 'ಹೌದು, ಹೊಡೆದೆ. ಅವನು ಬೈದದ್ದಕ್ಕೆ ಹೊಡೆದೆ. ಅದಕ್ಕೆ ಏನು ಶಿಕ್ಷೆಯೋ ಕೊಡಿ. ಆದರೆ ಅರ್ಧ ಗಂಟೆ ಆದಮೇಲೆ ನನ್ನ ಮನೆ ಬಾಗಿಲಿಗೆ ಮಚ್ಚು ಯಾಕೆ ಬಂತು?' ಅಂತ ಆ ಹುಡುಗ ಮೊದಲ ದಿನವೇ ಹೇಳಿದ್ದರೆ, ಆ ಅರ್ಧ ಗಂಟೆ ನಮ್ಮ ಕತೆಯಲ್ಲಿ ಉಳಿಯುತ್ತಿತ್ತು. ಏಟನ್ನು ಅಳಿಸಿದ ನಾವೇ ಅರ್ಧ ಗಂಟೆಯನ್ನೂ ಅಳಿಸಿಬಿಟ್ಟೆವು.

ಮೊನ್ನೆ ವಾಯಿದೆ ದಿನ ಕೋರ್ಟಿನ ಜಗುಲಿಯಲ್ಲಿ ಚಿಕ್ಕಪ್ಪ ಬೀಡಿ ಕೈಯಲ್ಲಿ ಹಿಡಿದು ಹಚ್ಚದೆ ಕೂತಿದ್ದರು. 'ಜಡ್ಜ್ ಕೇಳುದ್ರೆ ಏನಂತ ಹೇಳೀರಿ?' ಅಂದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: 'ಹೊಡ್ದೆ ಕನಪ್ಪ, ಇಲ್ಲಾಂತ ನಾನಂದಿಲ್ಲ. ನಾನು ನಿಂತಿದ್ದು ನನ್ ಬಾಗ್ಲಲ್ಲಿ. ಅವ್ರು ನಿಂತಿದ್ದೆಲ್ಲಿ ಅಂತ ಕೇಳ್ಲಿ.'

ನಮ್ಮ ಎಫ್‌ಐಆರ್ ಈ ಮಾತಿನಿಂದ ಶುರುವಾಗಬೇಕಿತ್ತು.